ಫ್ರೀವೇ ಗೋಡೆಗೆ ಮುಖ ಮಾಡಿ ನಿಂತವಳು

ಆ ಹುಡುಗಿ ಕಳ್ಳಿಯೂ ಅಲ್ಲ, ಹುಚ್ಚಿಯೂ ಅಲ್ಲ. ಗೋಡೆಗೆ ಮುಖ ಮಾಡಿ ನಿಂತು ಇಂಗ್ಲಿಷ್ ಬಾಯಿಪಾಠ ಮಾಡುತ್ತಿದ್ದಳು. ನಡೆದದ್ದು ಅಷ್ಟೇ. ಉಳಿದದ್ದನ್ನೆಲ್ಲ ನಮ್ಮ ಸಾಲುಮನೆಗಳ ದೊಡ್ಡವರು ಸೇರಿ ಫೋನಿನ ಮೇಲೆ ಬೆರಳಾಡಿಸಿ ಹುಟ್ಟಿಸಿದ್ದು.

ಹೋದ ವಾರ ನಾವು ಮೊದಲು ಇದ್ದ ಮಿಲ್ಪಿಟಾಸ್‌ಗೆ ಹೋಗಬೇಕಾಗಿ ಬಂತು. ನಾವು ಈಗ ಇರುವುದು ಸ್ಯಾನ್ ಹೊಸೆಯಲ್ಲಿ. ಹಳೆಯ ನೆರೆಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಒಳಗೆ ಜನ ಹೆಚ್ಚಾಗಿ ಸೆಕೆಯಾಯಿತು, ಹಿಂಬಾಗಿಲಿನಿಂದ ಹೊರಗೆ ಬಂದೆ. ಅಲ್ಲಿ ಮನೆಗಳಿಗೂ ಫ್ರೀವೇಗೂ ನಡುವೆ ಎತ್ತರದ ಕಾಂಕ್ರೀಟ್ ಗೋಡೆ. ಆಚೆ ಕಾರುಗಳು ಹಗಲೂ ರಾತ್ರಿ ಮೊರೆಯುತ್ತಿರುತ್ತವೆ. ಗೋಡೆಯ ಮೈಗೆ ಒಂದು ಬಳ್ಳಿ ಹಬ್ಬಿದೆ. ಹೂವು ಮಲ್ಲಿಗೆಯ ಹಾಗೆ, ವಾಸನೆ ಮಲ್ಲಿಗೆಗಿಂತ ಒಂದು ಕೈ ಜಾಸ್ತಿ. ಕೀಳಲು ಹೋದರೆ ತೊಟ್ಟಿನಿಂದ ಹಾಲು ಒಸರಿ ಬೆರಳಿಗೆ ಅಂಟುತ್ತದೆ. ಮಲ್ಲಿಗೆಯ ವೇಷ ಹಾಕಿಕೊಂಡ ಬೇರೇನೋ ಅದು. ಮೊದಲ ಸಲ ನೋಡಿದಾಗಲೇ ನನಗೆ ಅದರ ಮೇಲೆ ನಂಬಿಕೆ ಬಂದಿರಲಿಲ್ಲ. ಮೊನ್ನೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾವು ಆ ಸಾಲಿನಲ್ಲಿ ಕಳೆದ ಕೊನೆಯ ಮಳೆಗಾಲ ಎದುರಿಗೆ ಬಂದು ನಿಂತಿತು.

ಗದಗಿನಲ್ಲಿ ನಮ್ಮದು ಹಿಟ್ಟಿನ ಗಿರಣಿ. ಯಜಮಾನರು ಮಷೀನು ನೋಡಿದರೆ ನಾನು ಮುಂದೆ ಕೂತು ಡಬ್ಬಿಗಳನ್ನು ನೋಡುತ್ತಿದ್ದೆ. ಯಾರ ಜೋಳದಲ್ಲಿ ಯಾರ ಗೋದಿ ಬೆರೆಯಿತು, ಯಾರು ಪಕ್ಕದವರ ಡಬ್ಬಿಯಿಂದ ಒಂದು ಹಿಡಿ ತಮ್ಮದಕ್ಕೆ ಸರಿಸಿದರು, ಯಾರು ಹಸಿ ಕಾಳು ತಂದು ಕಲ್ಲು ಕೆಡಿಸಲು ನೋಡಿದರು, ಎಲ್ಲವನ್ನೂ ಕಣ್ಣಿನಲ್ಲೇ ಹಿಡಿಯಬೇಕು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಆದರೆ ಆ ಕೆಲಸ ಚೆನ್ನಾಗಿ ಬರುತ್ತಿತ್ತು. ಅನುಮಾನ ನನಗೆ ರೋಗವಲ್ಲ, ಕಸುಬು. ಯಜಮಾನರು ಹೋದ ಮೇಲೆ ಗಿರಣಿ ಮಾರಿ ಮಗಳು ವಿದ್ಯಾಳ ಹತ್ತಿರ ಬಂದೆ. ಗಿರಣಿ ಅಲ್ಲೇ ಉಳಿಯಿತು, ಕಸುಬು ನನ್ನ ಜೊತೆ ವಿಮಾನ ಹತ್ತಿತು.

ಇಲ್ಲಿಯ ಮಳೆಯ ಮೇಲೂ ನನಗೆ ನಂಬಿಕೆಯಿಲ್ಲ. ಬೇಸಿಗೆಯೆಲ್ಲ ಒಂದು ಹನಿ ಇಲ್ಲ, ಚಳಿಯಲ್ಲಿ ಬರುತ್ತದೆ. ಗುಡುಗಿಲ್ಲ, ಮಿಂಚಿಲ್ಲ. ಹೇಳದೆ ಕೇಳದೆ ಬಂದು, ಕಿಟಕಿಯ ಗಾಜನ್ನು ಒದ್ದೆ ಮಾಡಿ, ಹೇಳದೆ ಹೋಗುತ್ತದೆ. ಆ ವರ್ಷ ಮಾತ್ರ ಜನವರಿಯಿಂದ ಹಿಡಿದು ಬಿಟ್ಟಿರಲಿಲ್ಲ. ಗುಡ್ಡಗಳು ಹಸಿರಾಗಿದ್ದವು, ಗ್ಯಾರೇಜಿನಲ್ಲಿ ಬೂಷ್ಟು ವಾಸನೆ. ನಮ್ಮ ಮನೆಯಲ್ಲಿ ಶನಿವಾರ ಲಿವರ್‌ಮೋರಿನ ಗುಡಿಗೆ ಹೋಗುವ ರೂಢಿ ಇತ್ತು. ಅದು ಆ ಮಳೆಗಾಲ ನಿಂತಿತು. ಮಳೆಯಿಂದಲ್ಲ, ಮೊಮ್ಮಗಳು ಅನಘಾಳ ಪಾಠದಿಂದ.

ಅನಘಾ ಆಗ ಹೈಸ್ಕೂಲು. ಅವಳ ಶಾಲೆಯಲ್ಲಿ ಮಕ್ಕಳು ಊರಿಗೆ ಏನಾದರೂ ಉಪಕಾರ ಮಾಡಿ ತೋರಿಸಬೇಕಂತೆ. ಕಸ ಆರಿಸುವವರು ಆರಿಸಿದರು. ಇವಳು ಇಂಗ್ಲಿಷ್ ಕಲಿಸುತ್ತೇನೆ ಎಂದಳು. ಚೀನಾದಿಂದ ಹೊಸದಾಗಿ ಬಂದು ಶಾಲೆ ಸೇರಿದ ಮೂವರು ಮಕ್ಕಳು ಶನಿವಾರ ಬೆಳಿಗ್ಗೆ ನಮ್ಮ ಊಟದ ಮೇಜಿಗೆ ಬರತೊಡಗಿದರು. ಇಬ್ಬರು ಅಣ್ಣ ತಂಗಿ, ಬಾಯಿಗೆ ಬೀಗವಿಲ್ಲದವರು. ತಪ್ಪೋ ಸರಿಯೋ, ಮಾತು ಉದುರಿಸುತ್ತಿದ್ದರು. ಮೂರನೆಯವಳು ಯುಟಿಂಗ್. ಎಂಟನೆಯ ತರಗತಿ. ಸಣ್ಣ ಮೈ, ಹಣೆ ಮುಚ್ಚುವ ಕೂದಲು. ಅವಳು ಬಾಯಿ ತೆರೆದದ್ದನ್ನು ನಾನು ನೋಡಿದ್ದು ನೀರು ಕುಡಿಯುವಾಗ ಮಾತ್ರ.

ಅನಘಾಳ ಕಲಿಸುವ ರೀತಿಯೇ ಬೇರೆ. ಬಾಯಿಪಾಠ ಅಂದರೆ ಅವಳಿಗೆ ಆಗದು. ಮೆತ್ತನೆಯ ಚೆಂಡೊಂದನ್ನು ಇಟ್ಟುಕೊಂಡಿದ್ದಳು. ಚೆಂಡು ಯಾರ ಕೈಗೆ ಬಂತೋ ಅವರು ನಿನ್ನೆ ಏನು ಮಾಡಿದೆ ಅಂತ ಒಂದು ವಾಕ್ಯ ಹೇಳಿ ಮುಂದಿನವರಿಗೆ ಎಸೆಯಬೇಕು. ಆಮೇಲೆ ನಾಳೆ ಏನು ಮಾಡುತ್ತೀ ಅಂತ. ಆಮೇಲೆ ಚಿತ್ರದ ಚೀಟಿಗಳು, ಚಿತ್ರ ನೋಡಿ ಶಬ್ದ ಹೇಳುವುದು. ಅಣ್ಣ ತಂಗಿ ಚೆಂಡನ್ನು ಫ್ರಿಜ್ಜಿನ ಮೇಲೆ, ದೇವರ ಕಪಾಟಿನ ಮೇಲೆ ಎಲ್ಲ ಎಸೆದರು. ಯುಟಿಂಗ್ ಕೈಗೆ ಹೋದರೆ ಆಟ ಅಲ್ಲಿಗೆ ನಿಂತಿತು. ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಜನ್ನೇ ನೋಡುತ್ತ ಕೂತಿರುತ್ತಿದ್ದಳು. ಎಂದಾದರೂ ತುಟಿ ಅಲುಗಿಸಿ ಅರ್ಧ ಮಾತು ಹೊರಗೆ ಬಿಟ್ಟರೆ ಅನಘಾ ನಗುತ್ತ “ಗುಡ್ ಟ್ರೈ” ಎನ್ನುವಳು. ಆ ಎರಡು ಶಬ್ದಕ್ಕೆ ತಪ್ಪು ಅಂತ ಅರ್ಥ ಎಂಬುದು ಇಂಗ್ಲಿಷ್ ಬಾರದ ನನಗೇ ಎರಡನೆಯ ವಾರಕ್ಕೆ ತಿಳಿಯಿತು. ಆ ಹುಡುಗಿಗೆ ತಿಳಿಯದೆ ಇರುತ್ತದೆಯೇ?

ನಾನು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಇದೆಲ್ಲ ನೋಡುತ್ತಿದ್ದೆ. ಮಾತಾಡದವಳು ಬರುವುದು ಯಾಕೆ? ಬಂದಳು ಅಂದರೆ ಏನೋ ಬೇಕಾಗಿದೆ. ಅವಳ ತಾಯಿಯದು ಇನ್ನೊಂದು ರೀತಿ. ಮಗಳನ್ನು ಬಾಗಿಲಿನ ತನಕ ಬಿಡುವಳು, ಒಳಗೆ ಬಾ ಎಂದು ಕೈ ಮಾಡಿದರೆ ತಲೆ ಬಗ್ಗಿಸಿ ಹಿಂದಕ್ಕೆ ಹೋಗುವಳು, ಹೋಗುವಾಗ ಹೊಸ್ತಿಲ ಮೇಲೆ ಒಂದು ಚೀಲ ಕಿತ್ತಳೆ ಇಟ್ಟು ಹೋಗುವಳು. ಪ್ರತಿ ಶನಿವಾರ. ಮನೆಯೊಳಗೆ ಕಾಲಿಡದವರು ಹಣ್ಣು ಯಾಕೆ ತರುತ್ತಾರೆ? ಮೊದಲ ಹಣ್ಣನ್ನು ಸುಲಿದು ಅಳಿಯಂದಿರಿಗೆ ಕೊಟ್ಟೆ. ಸಂಜೆಯ ತನಕ ಅವರಿಗೆ ಏನೂ ಆಗಲಿಲ್ಲ. ಆಮೇಲೆ ನಾನೂ ತಿಂದೆ. ಸಿಹಿಯಾಗಿಯೇ ಇತ್ತು.

ಒಂದು ಶನಿವಾರ ಮಕ್ಕಳು ಹೋದ ಮೇಲೆ ಅನಘಾಳನ್ನು ಕೇಳಿದೆ.

“ಆ ಮೂಕಿ ಯಾಕ ಬರ್ತಾಳ?”

“ಅಜ್ಜಿ, ಡೋಂಟ್ ಸೇ ದಟ್. ಅವಳಿಗೆ ಏಪ್ರಿಲ್‌ನಲ್ಲಿ ಟೆಸ್ಟ್ ಇದೆ. ಬರೆಯೋದೂ ಇದೆ, ಟೀಚರ್ ಮುಂದೆ ಒಬ್ಬಳೇ ಕೂತು ಮಾತಾಡೋದೂ ಇದೆ. ಪಾಸಾಗಿಲ್ಲಾಂದ್ರೆ ಹೈಸ್ಕೂಲಲ್ಲೂ ಅದೇ ಬೇಬಿ ಇಂಗ್ಲಿಷ್ ಕ್ಲಾಸು.”

“ಆದರ ಏನಾತು? ಕಲೀಲಿ ಇನ್ನೊಂದು ವರ್ಷ.”

“ಅವಳಮ್ಮ ವಾಪಸ್ ಕಳಿಸ್ತೀನಿ ಅಂದಿದಾರೆ. ಚೈನಾಗೆ. ಗ್ರ್ಯಾಂಡ್‌ಮಾ ಹತ್ರ. ಇಲ್ಲಿ ಟೈಮ್ ವೇಸ್ಟ್ ಆಗ್ತಿದೆ ಅಂತ.”

“ಅಜ್ಜಿ ಹತ್ರ ಹೋಗೂದು ಒಂದ ಶಿಕ್ಷಾ ಏನು?”

ಅನಘಾ ಚೆಂಡನ್ನು ಕೈಯಿಂದ ಕೈಗೆ ಹಾಕಿಕೊಂಡಳು. “ಅಜ್ಜಿ, ಅವಳು ಬೇಬಿ ಇದ್ದಾಗ ಅವಳಮ್ಮ ಇಲ್ಲಿಗೆ ಬಂದ್ರು. ಮೊನ್ನೆ ಮೊನ್ನೆ ಅವಳನ್ನ ಕರೆಸಿಕೊಂಡಿದಾರೆ. ಶೀ ಜಸ್ಟ್ ಗಾಟ್ ಹರ್ ಮಾಮ್.”

ತಾಯಿ ಒಳಗೆ ಬರದಿದ್ದುದಕ್ಕೂ ಅನಘಾಳ ಮಾತಿನಲ್ಲೇ ಒಂದು ಕಾರಣ ಸಿಕ್ಕಿತು. ರಾತ್ರಿ ಪಾಳಿ. ಯಾವುದೋ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಸಣ್ಣ ಸಣ್ಣ ಭಾಗ ಜೋಡಿಸುವ ಕೆಲಸ. ಶನಿವಾರ ಬೆಳಿಗ್ಗೆ ಕೆಲಸದಿಂದ ನೇರ ಬಂದು ಮಗಳನ್ನು ಎಬ್ಬಿಸಿ ತಂದು ಬಿಡುತ್ತಿದ್ದಳಂತೆ. ಇದ್ದದ್ದು ನಮ್ಮ ಕಾಂಪ್ಲೆಕ್ಸಿನಲ್ಲೇ, ಗೋಡೆಯ ಬುಡದ ಕೊನೆಯ ಸಾಲಿನಲ್ಲಿ. ಒಂದು ಮನೆಯನ್ನು ನಾಲ್ಕಾರು ಜನ ಹಂಚಿಕೊಂಡಿದ್ದರು. ಎಲ್ಲರೂ ರಾತ್ರಿ ದುಡಿಯುವವರು. ಹಗಲು ಮನೆಯೆಲ್ಲ ಮಲಗಿರುತ್ತಿತ್ತು. ಆದರೂ ಹಣ್ಣಿನ ವಿಷಯ ನನ್ನ ತಲೆಯಿಂದ ಪೂರಾ ಇಳಿಯಲಿಲ್ಲ.

ಗೋಡೆಯ ಹತ್ತಿರ ಒಬ್ಬ ನಿಲ್ಲುತ್ತಾನೆ ಎಂಬುದನ್ನು ಮೊದಲು ಕಂಡವಳು ನಾನೇ. ಮೇಲಿನ ಬಚ್ಚಲುಮನೆಯ ಕಿಟಕಿ ಆ ಕಡೆಗಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ನೋಡಿದರೆ ಮಂಜಿನಲ್ಲಿ ಕರಿಯ ಜಾಕೀಟು, ತಲೆಯ ಮೇಲೆ ಅದರದೇ ಟೋಪಿ, ನಮಗೆ ಬೆನ್ನು, ಗೋಡೆಗೆ ಮುಖ. ಮೂಗು ಎಲೆಗಳಿಗೆ ತಾಗುವಷ್ಟು ಹತ್ತಿರ. ಕಾಲು ಅಲ್ಲಾಡುವುದಿಲ್ಲ, ತಲೆ ಮಾತ್ರ ಅಲ್ಲಾಡುತ್ತದೆ. ಕೈಯಲ್ಲಿ ಏನೋ ಕೆಂಪಗೆ. ಮರುದಿನವೂ ಅಲ್ಲೇ. ಅದರ ಮರುದಿನ ಮಳೆ ಸುರಿಯುತ್ತಿತ್ತು. ಆಗಲೂ ಅಲ್ಲೇ.

ಮಳೆಯಲ್ಲಿ ನಿಂತು ಗೋಡೆ ನೋಡುವವರು ಒಳ್ಳೆಯ ಕೆಲಸಕ್ಕೆ ನಿಂತಿರುವುದಿಲ್ಲ. ಅಳಿಯಂದಿರು ಕಾಫಿ ಕುಡಿಯುವಾಗ ಹೇಳಿದೆ. ಅಳಿಯ ಮಹೇಶ ಮೈಸೂರಿನವರು, ಇಂಜಿನಿಯರು, ಯಾರ ಬಗ್ಗೆಯೂ ಕೆಟ್ಟ ಮಾತಾಡದವರು.

“ನೋಡ್ರಿ, ಹಿಂದಿನ ಗ್ವಾಡಿ ಹತ್ರ ದಿನಾ ಮುಂಜಾನೆ ಒಬ್ಬಾಂವ ನಿಂತಿರ್ತಾನ. ಗ್ವಾಡಿ ಕೂಡ ಮಾತಾಡ್ತಾನ.”

“ವಾಕಿಂಗ್ ಬಂದಿರ್ತಾರೆ ಬಿಡಿ ಅತ್ತೆ.”

“ವಾಕಿಂಗ್ ಬಂದಾಂವ ನಡೀತಾನ. ಇಂವ ನಿಲ್ತಾನ.”

ಅವರು ನಕ್ಕು ಆಫೀಸಿಗೆ ಹೋದರು. ನಕ್ಕವರು ಸುಮ್ಮನಿರಬೇಕಿತ್ತು. ಆ ವಾರವೇ ಎದುರು ಸಾಲಿನವರ ಕಾರಿನ ತಳದಿಂದ ಯಾರೋ ಹೊಗೆ ಕೊಳವೆಯ ಒಂದು ಭಾಗ ಕೊಯ್ದುಕೊಂಡು ಹೋದರು, ಅದರೊಳಗಿನ ಲೋಹಕ್ಕೆ ಒಳ್ಳೆಯ ಬೆಲೆಯಂತೆ. ಬೆಳಿಗ್ಗೆ ಕಾರು ಶುರು ಮಾಡಿದರೆ ಗುಡುಗಿದ ಹಾಗೆ ಸದ್ದು. ಕಾಂಪ್ಲೆಕ್ಸಿನವರದೆಲ್ಲ ಒಂದು ಫೋನಿನ ಗುಂಪಿತ್ತು. ಕಸದ ಡಬ್ಬಿ ಯಾವಾಗ ಇಡಬೇಕು, ಯಾರ ನಾಯಿ ಎಲ್ಲಿ ಹೇತಿತು ಎಂಬುದೇ ಅಲ್ಲಿಯ ಚರ್ಚೆ. ಅಳಿಯಂದಿರು ಅಂದು ಸಂಜೆ ಸೋಫಾದಲ್ಲಿ ಕೂತು ಗುಂಪಿಗೆ ಬರೆದರು: ಗೋಡೆಯ ಬಳಿ ದಿನಾ ಒಬ್ಬ ಅಪರಿಚಿತ ಗಂಡಸು, ಎಚ್ಚರ.

ಅಷ್ಟು ಸಾಕಾಯಿತು. ಅವನು ಮನೆಗಳನ್ನು ಎಣಿಸುತ್ತಾನೆ ಎಂದು ಒಬ್ಬರು. ಕಿವಿಯಲ್ಲಿ ಏನೋ ಇದೆ, ಜೊತೆಯವರಿಗೆ ಸುದ್ದಿ ಕೊಡುತ್ತಾನೆ ಎಂದು ಇನ್ನೊಬ್ಬರು. ಗಾಂಜಾ ಸೇದುವವನಿರಬೇಕು ಎಂದು ಮತ್ತೊಬ್ಬರು. ಆರಡಿ ಎತ್ತರ ಎಂದು ಯಾರೋ ಬರೆದಿದ್ದನ್ನು ವಿದ್ಯಾ ಓದಿ ಹೇಳಿದಾಗ ನನಗೆ ಅವರ ಮೇಲೆಯೇ ಅನುಮಾನ ಬಂತು.

“ಯಾರ ಬರದಾರ ಅದನ್ನ? ಅಷ್ಟ ಎತ್ತರ ಇಲ್ಲ ಅಂವ. ನನ್ನ ಭುಜಕ್ಕ ಬಂದಾನು.”

“ಅವ್ವ, ನೀ ಸುಮ್ನಿರು. ಮ್ಯಾಲಿನ ಕಿಟಕಿಯಿಂದ ನೋಡಿದ್ರ ಎಲ್ಲಾರೂ ಗಿಡ್ಡ ಕಾಣ್ತಾರ.”

ನೋಡಿಯೇ ಬಿಡೋಣ ಎಂದು ಒಂದು ಬೆಳಿಗ್ಗೆ ಕಸದ ಚೀಲ ಹಿಡಿದು ಹಿಂದೆ ಹೋದೆ. ಕಸದ ಡಬ್ಬಿ ಇರುವುದು ಮುಂದೆ. ಕೇಳಿದರೆ ದಾರಿ ತಪ್ಪಿದೆ ಅನ್ನುವುದು, ಮುದುಕಿಗೆ ಅದೊಂದು ಅನುಕೂಲ. ಬಳ್ಳಿಯ ಮರೆಯಲ್ಲಿ ನಿಂತು ಕಿವಿ ಕೊಟ್ಟೆ. ಫ್ರೀವೇಯ ಮೊರೆತದ ಕೆಳಗೆ ಸಣ್ಣ ಧ್ವನಿ. ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ, ಮತ್ತೆ ಅದೇ. ತಿರುತಿರುಗಿ ಅದೇ ನುಡಿ. ಯಾರಿಗೋ ಮಾಟ ಮಾಡಿಸುವವರು ಊರಲ್ಲಿ ಹೀಗೇ ಗೊಣಗುತ್ತಿದ್ದರು. ಕೈಯಲ್ಲಿದ್ದ ಕೆಂಪನೆಯದು ಬಿಸಿನೀರಿನ ಫ್ಲಾಸ್ಕು. ತಳದಲ್ಲಿ ಒಂದು ಕಡೆ ತಗ್ಗು ಬಿದ್ದಿತ್ತು. ಮುಖ ಕಾಣಲಿಲ್ಲ. ಕಾಲಡಿಯ ಕಡ್ಡಿ ಮುರಿದು ಸದ್ದಾಯಿತು, ಆ ಆಕೃತಿ ತಿರುಗಿಯೂ ನೋಡದೆ ಗೋಡೆಯ ಗುಂಟ ಓಡಿಹೋಯಿತು. ಗಂಡಸರು ಹಾಗೆ ಓಡುವುದಿಲ್ಲ.

ಮುಂದಿನ ಶನಿವಾರ ಮಕ್ಕಳು ಬಂದರು. ಯುಟಿಂಗ್ ತನ್ನ ಚೀಲದಿಂದ ಫ್ಲಾಸ್ಕು ತೆಗೆದು ಮೇಜಿನ ಮೇಲಿಟ್ಟಳು. ಕೆಂಪು. ತಳದಲ್ಲಿ ತಗ್ಗು. ನಾನು ಅನಘಾಳನ್ನು ಅಡುಗೆಮನೆಗೆ ಕರೆದೆ.

“ಗ್ವಾಡಿ ಹತ್ರ ನಿಲ್ಲಾಂವ ಇಕಿನ.”

“ಅಜ್ಜಿ, ಏನು ಹೇಳ್ತಾ ಇದ್ದೀಯ?”

“ಆ ಫ್ಲಾಸ್ಕ್ ನೋಡು.”

“ಎಲ್ಲರ ಹತ್ರಾನೂ ಅದೇ ಇರತ್ತೆ. ಲೈಕ್, ಲಿಟರಲಿ ಎಲ್ಲರ ಹತ್ರ. ಮಾಲಲ್ಲಿ ಮಾರ್ತಾರೆ.”

“ತಳದಾಗ ತಗ್ಗು ಬಿದ್ದದ್ದೂ ಮಾಲ್‌ನ್ಯಾಗ ಮಾರ್ತಾರೇನು?”

ಅವಳು ಕಣ್ಣು ಮೇಲೆ ತಿರುಗಿಸಿದಳು. “ಅಜ್ಜಿ, ಅಪ್ಪ ಆರಡಿ ಗಂಡಸು ಅಂತಾರೆ, ನೀನು ಯುಟಿಂಗ್ ಅಂತೀಯ. ನೀವಿಬ್ಬರೂ ಮೊದಲು ಡಿಸೈಡ್ ಮಾಡಿ.” ಎಂದು ಹೊರಟುಹೋದಳು. ಮೇಜಿನ ಹತ್ತಿರ ಮತ್ತೆ ಚೆಂಡು ಹಾರತೊಡಗಿತು. ವಿದ್ಯಾಳಿಗೆ ಹೇಳಿದೆ, ಅವಳು ಅಕ್ಕಿ ತೊಳೆಯುತ್ತ ಹೂಂ ಎಂದಳು. ಅಳಿಯಂದಿರಿಗೂ ಹೇಳಿದೆ, ಅವರು “ಚೆಕ್ ಮಾಡ್ಸೋಣ ಅತ್ತೆ” ಎಂದರು. ಈ ಮನೆಯಲ್ಲಿ ಮುದುಕಿ ಅನುಮಾನ ಪಟ್ಟರೆ ಅದು ವಯಸ್ಸು. ಅದೇ ಅನುಮಾನವನ್ನು ಗುಂಪಿನಲ್ಲಿ ಬರೆದರೆ ಅದು ಸುರಕ್ಷತೆ. ಅಂದು ಆ ಹುಡುಗಿಯ ಮೇಲೆಯೂ ನನಗೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ. ಗೋಡೆಯ ಮುಂದೆ ಅಷ್ಟು ಮಾತಾಡುವವಳು ನಮ್ಮ ಮನೆಯ ಮೇಜಿನ ಮುಂದೆ ಮೂಕಿಯಾಗಿ ಕೂತು ನನ್ನ ಮೊಮ್ಮಗಳ ಶನಿವಾರ ಯಾಕೆ ತಿನ್ನಬೇಕು?

ಕಾಂಪ್ಲೆಕ್ಸಿನವರು ಕೂಡಿ ಒಬ್ಬ ಕಾವಲಿನವನನ್ನು ಗೊತ್ತುಮಾಡಿದರು. ಸೋಮವಾರ ಬೆಳಿಗ್ಗೆ ತುಂತುರು ಮಳೆ. ಅಳಿಯಂದಿರು, ಎದುರು ಸಾಲಿನ ಇಬ್ಬರು ಗಂಡಸರು ಕೊಡೆ ಹಿಡಿದು ಕಾವಲಿನವನ ಹಿಂದೆ ಹೊರಟರು. ನಾನೂ ಶಾಲು ಹೊದ್ದು ಹಿಂದಿನಿಂದ ಹೋದೆ. ವಿದ್ಯಾ ಬೇಡ ಎಂದಳು. ಮೊದಲು ಕಂಡವಳು ನಾನು, ಕೊನೆಗೆ ಕಾಣುವವಳೂ ನಾನೇ ಆಗಬೇಕು.

ಕಾವಲಿನವನು ದೊಡ್ಡ ಆಳು, ಹಳದಿ ಜಾಕೀಟು. ಒರಟಾಗಿ ಏನೂ ಮಾಡಲಿಲ್ಲ, ಅದನ್ನೂ ಹೇಳಬೇಕು. ದೂರದಿಂದಲೇ ಕೂಗಿದ. ಆ ಆಕೃತಿ ತಿರುಗಿತು. ಟೋಪಿ ಹಿಂದಕ್ಕೆ ಜಾರಿತು. ಹಣೆ ಮುಚ್ಚುವ ಕೂದಲು, ಒದ್ದೆಯಾಗಿ ಅಂಟಿಕೊಂಡಿತ್ತು. ಕೊಡೆಯ ಕೆಳಗೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರಡಿಯಲ್ಲಿ ಎಷ್ಟು ಕಡಿಮೆಯಾಯಿತು ಎಂದು ನಾನು ಕೇಳಲಿಲ್ಲ, ಕೇಳುವ ಹೊತ್ತಲ್ಲ ಅದು.

ಹೆಸರು ಕೇಳಿದ. ಎಲ್ಲಿ ಇರುವುದು ಎಂದು ಕೇಳಿದ. ಇಲ್ಲಿ ಏನು ಮಾಡುತ್ತಿದ್ದೀ ಎಂದು ಕೇಳಿದ. ಅಷ್ಟು ಇಂಗ್ಲಿಷ್ ನನಗೂ ತಿಳಿಯುತ್ತದೆ. ಅವಳ ಬಾಯಿ ತೆರೆಯಿತು, ಗಂಟಲು ಅಲುಗಿತು, ಏನೂ ಬರಲಿಲ್ಲ. ಈಗಷ್ಟೇ ಗೋಡೆಗೆ ಹೇಳುತ್ತಿದ್ದವಳಿಗೆ ತನ್ನ ಹೆಸರು ಹೇಳಲು ಬರಲಿಲ್ಲ. ಅಳಿಯಂದಿರು ಮುಂದೆ ಹೋಗಿ “ಯು ಕಮ್ ಟು ಅವರ್ ಹೋಮ್, ರೈಟ್?” ಎಂದರು. ಅದಕ್ಕೂ ಇಲ್ಲ. ಅವಳು ಅವರನ್ನು ದಾಟಿ ನನ್ನನ್ನು ನೋಡಿದಳು. ನಾನು ಇಂಗ್ಲಿಷಿನಲ್ಲಿ ಏನು ಹೇಳಲಿ? ಕೈ ಎತ್ತಿ ಕೊನೆಯ ಸಾಲಿನ ಕಡೆ ತೋರಿಸಿದೆ, ಅವಳ ಮನೆ ಅದು ಎಂದು. ಒಬ್ಬರು ಹೋಗಿ ಬಾಗಿಲು ಬಡಿದರು.

ತಾಯಿ ಬಂದಳು. ಕೆಲಸದಿಂದ ಬಂದು ಆಗಷ್ಟೇ ಮಲಗಿದ್ದಿರಬೇಕು, ಕಂಪನಿಯ ನೀಲಿ ಅಂಗಿ ಇನ್ನೂ ಮೈಮೇಲಿತ್ತು. ಕಾಲಲ್ಲಿ ಬೇರೆ ಬೇರೆ ಜೋಡಿನ ಚಪ್ಪಲಿ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಅದರಲ್ಲಿ ಎರಡು ಪಾಸ್‌ಪೋರ್ಟು. ಯಾರೂ ಕೇಳಿರಲಿಲ್ಲ. ಬಾಗಿಲು ಬಡಿದ ಸದ್ದಿಗೇ ಅದನ್ನು ಹಿಡಿದು ಓಡಿಬಂದಿದ್ದಳು. ಮಗಳನ್ನು ನೋಡುವ ಮೊದಲು ಕಾವಲಿನವನ ಮುಂದೆ ಕವರು ಚಾಚಿದಳು. ಅವನು ಬೇಡ ಬೇಡ ಎಂದು ಹಿಂದೆ ಸರಿದ. ಅವಳು ಇನ್ನೂ ಮುಂದೆ ಚಾಚಿದಳು. ನನ್ನ ಪಾಸ್‌ಪೋರ್ಟನ್ನೂ ವಿದ್ಯಾ ಅಂಥದೇ ಕವರಿನಲ್ಲಿ ಹಾಕಿ, ಬೇಕಾದರೆ ತಟ್ಟನೆ ಸಿಗಲಿ ಎಂದು ಮೇಲಿನ ಖಾನೆಯಲ್ಲೇ ಇಟ್ಟಿದ್ದಾಳೆ. ಎದುರು ಸಾಲಿನವರಲ್ಲಿ ಒಬ್ಬರು ತಮ್ಮ ಬೂಟು ನೋಡಿಕೊಂಡರು. ಅಳಿಯಂದಿರು ಸಾರಿ ಸಾರಿ ಎನ್ನುತ್ತಿದ್ದರು. ತಾಯಿಯೂ ಸಾರಿ ಎನ್ನುತ್ತಿದ್ದಳು. ಆಮೇಲೆ ಮಗಳ ತೋಳು ಹಿಡಿದು ಎಳೆದುಕೊಂಡು ಹೋದಳು. ಫ್ಲಾಸ್ಕು ಹುಲ್ಲಿನ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಂಡು ಬಂದವಳು ನಾನು.

ಸಂಜೆ ಮನೆಯಲ್ಲಿ ಜಗಳ. ಅನಘಾ ಅಷ್ಟು ಸಿಟ್ಟಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಚೀಲ ಎಸೆದಳು, ಅಪ್ಪನ ಮುಂದೆ ನಿಂತಳು. ಆ ಅಣ್ಣ ತಂಗಿಯಿಂದ ಎಲ್ಲ ಕೇಳಿಕೊಂಡು ಬಂದಿದ್ದಳು, ಅವಳು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಅವರ ದೇಶದ ಶಾಲೆಗಳಲ್ಲಿ ಬೆಳಿಗ್ಗೆ ಪಾಠಕ್ಕೆ ಮೊದಲು ಮಕ್ಕಳೆಲ್ಲ ಗಟ್ಟಿಯಾಗಿ ಓದುತ್ತಾರಂತೆ, ಪ್ರತಿಯೊಬ್ಬರೂ ತಮ್ಮ ತಮ್ಮ ಪಾಠ, ಎಲ್ಲರೂ ಒಟ್ಟಿಗೆ. ಯಾರೂ ಯಾರನ್ನೂ ಕೇಳಿಸಿಕೊಳ್ಳುವುದಿಲ್ಲ, ತಿದ್ದುವುದಿಲ್ಲ. ಗಂಟಲು ಹಾಗೆ ಬಿಡಿಸಿಕೊಂಡ ಮೇಲೆಯೇ ಮಾತು. ಯುಟಿಂಗ್‌ಗೆ ಇಲ್ಲಿ ಆ ಜಾಗ ಇರಲಿಲ್ಲ. ಮನೆಯಲ್ಲಿ ರಾತ್ರಿ ದುಡಿದವರು ಮಲಗಿರುತ್ತಾರೆ. ಶಾಲೆಯಲ್ಲಿ ಬಾಯಿ ತೆರೆದರೆ ಎಲ್ಲರೂ ಕೇಳುತ್ತಾರೆ. ಗದ್ದಲ ಇದ್ದದ್ದು ಫ್ರೀವೇ ಗೋಡೆಯ ಬುಡದಲ್ಲಿ. ಅಲ್ಲಿ ನಿಂತು ಅನಘಾಳ ಶನಿವಾರದ ಶಬ್ದಗಳನ್ನು, ನಿನ್ನೆ ಮಾಡಿದೆ, ಇಂದು ಮಾಡುತ್ತೇನೆ, ನಾಳೆ ಮಾಡುವೆ ಎಂಬುದನ್ನು ವಾರವಿಡೀ ಹೇಳುತ್ತಿದ್ದಳು.

ಚಿಕ್ಕವಳಿದ್ದಾಗ ಊರ ಶಾಲೆಯಲ್ಲಿ ನಾವು ಮಗ್ಗಿ ಹೇಳಿದ್ದೂ ಹಾಗೆಯೇ. ಎಲ್ಲರೂ ಒಟ್ಟಿಗೆ, ಗೋಡೆ ಬಿರಿಯುವ ಹಾಗೆ. ಆ ಗದ್ದಲದಲ್ಲಿ ಯಾರು ತಪ್ಪಿದರು ಎಂದು ಮಾಸ್ತರರಿಗೂ ತಿಳಿಯುತ್ತಿರಲಿಲ್ಲ. ಬಳ್ಳಿಯ ಮರೆಯಲ್ಲಿ ನಿಂತು ಕೇಳಿದಾಗ ಮಾಟ ನೆನಪಾಯಿತು, ಮಗ್ಗಿ ನೆನಪಾಗಲಿಲ್ಲ. ಇರಲಿ.

“ಈಗ ಅವಳಮ್ಮ ಎಲ್ಲಾ ಸ್ಟಾಪ್ ಅಂದಿದಾರೆ” ಎಂದಳು ಅನಘಾ. “ಶನಿವಾರ ಬರಲ್ಲ. ಹೊರಗೆ ಹೋಗಬಾರದು. ಬೇಸಿಗೆಗೆ ಟಿಕೆಟ್ ನೋಡ್ತಿದಾರೆ. ಇಲ್ಲಿ ಇದ್ರೆ ಏನಾದ್ರೂ ಆಗತ್ತೆ ಅಂತ ಹೆದರಿದಾರೆ. ಪಪ್ಪಾ, ಯು ಡಿಡ್ ದಿಸ್.”

ಅಳಿಯಂದಿರು ತಟ್ಟೆಯಲ್ಲಿ ರೊಟ್ಟಿ ಮುರಿಯುತ್ತ ಕೂತಿದ್ದರು. ತಿನ್ನುತ್ತಿರಲಿಲ್ಲ. “ಅತ್ತೆ ನೋಡಿದ್ರು, ನಾನು ಬರೆದೆ. ಸೇಫ್ಟಿ ವಿಷಯ ಅಲ್ವಾ ಪುಟ್ಟ. ಅತ್ತೆ, ನೀವೇ ಹೇಳಿದ್ದಲ್ವಾ?”

“ಹೇಳೀನಿ. ಒಬ್ಬಾಂವ ನಿಂತಾನ ಅಂತ ಹೇಳೀನಿ. ಎಚ್ಚರ ಅಂತ ಬರದಾವ್ರು ನೀವು. ಅಂವ ಅಲ್ಲ, ಆ ಹುಡುಗಿ ಅಂತ ಶನಿವಾರ ಹೇಳಿದ್ರ ಯಾರ ಕೇಳಿದ್ರಿ?”

“ಅವ್ವ, ಸಾಕು” ಎಂದಳು ವಿದ್ಯಾ.

“ಸಾಕು ಅಂದ್ರ ಸಾಕು. ಈಗ ಏನ ಮಾಡ್ತೀರಿ?”

“ಗ್ರೂಪಲ್ಲಿ ಅಪಾಲಜಿ ಹಾಕ್ತೀನಿ” ಎಂದರು ಅಳಿಯಂದಿರು. “ಅವರ ಮನೆಗೆ ಒಂದು ಗಿಫ್ಟ್ ಕಾರ್ಡು ಕೊಟ್ಟು ಬರೋಣ.”

ಗುಂಪಿನಲ್ಲಿ ಇಲ್ಲದವರಿಗೆ ಗುಂಪಿನಲ್ಲಿ ಕ್ಷಮೆ. ಗುಂಪಿನವರಿಗೇನು, ಕೈ ಮುಗಿದ ಚಿತ್ರ ಹಾಕಿದರು, ಕಾವಲಿನವನು ತಿಂಗಳ ಕೊನೆಯವರೆಗೆ ಇರಲಿ ಎಂದೂ ಬರೆದರು. ಕಾರಿನ ಭಾಗ ಕೊಯ್ದವನು ಇನ್ನೂ ಹೊರಗಿದ್ದಾನಲ್ಲ. ಗೋಡೆಯ ಬಳಿ ಯಾರೂ ನಿಲ್ಲಬಾರದು ಎಂದು ಒಬ್ಬರು ಹೇಳಿದ್ದಕ್ಕೆ ಯಾರೂ ಇಲ್ಲ ಅನ್ನಲಿಲ್ಲ. ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಇದನ್ನೇ ತಿರುವಿ ಹಾಕಿದೆ. ಕರಿಯ ಜಾಕೀಟು ಹಾಕಿಕೊಂಡು ಗೋಡೆಗೆ ಗೊಣಗಿದರೆ ಕಳ್ಳ ಅಂತ ಇವರು ಬರೆಯುವುದಾದರೆ, ಅದನ್ನು ಎಲ್ಲರಿಗೂ ಬರೆಯಬೇಕು. ಬರೆಯುತ್ತಾರೋ ಇಲ್ಲವೋ ನೋಡಬೇಕು.

ಏಪ್ರಿಲ್‌ನ ಆ ಇಂಗ್ಲಿಷ್ ಪರೀಕ್ಷೆ ಏನಾಯಿತು ಎಂದು ಹೋದ ವಾರ ಪೂಜೆಯ ಮನೆಯಲ್ಲಿಯೂ ಒಬ್ಬಾಕೆ ಕೇಳಿದಳು. ಹೇಳುತ್ತೇನೆ. ಮಾತಾಡುವುದರಲ್ಲಿ ಯುಟಿಂಗ್ ದಾಟಿದಳು, ಬರೆಯುವುದರಲ್ಲಿ ಉಳಿದಳು. ಹೈಸ್ಕೂಲಿಗೆ ಹೋಗಿ ಇನ್ನೊಂದು ವರ್ಷ ಅದೇ ಬೇಬಿ ಇಂಗ್ಲಿಷ್ ತರಗತಿಯಲ್ಲಿ ಕೂತಳು. ಆದರೆ ಬೇಸಿಗೆಯಲ್ಲಿ ತಾಯಿ ಅವಳನ್ನು ಕಳಿಸಲಿಲ್ಲ. ಅನಘಾ ಅದು ತನ್ನ ಪಾಠದಿಂದ ಎನ್ನುತ್ತಾಳೆ. ವಿದ್ಯಾ ನನ್ನಿಂದ ಎನ್ನುತ್ತಾಳೆ. ವಿಮಾನದ ಟಿಕೆಟ್ಟು ತುಟ್ಟಿಯಾಗಿತ್ತು ಎಂದು ನನ್ನ ಅನುಮಾನ.

ಜಗಳದ ಮರುದಿನ ಬೆಳಿಗ್ಗೆ ನಾನು ಅಳಿಯಂದಿರ ಕರಿಯ ಜಾಕೀಟು ಹಾಕಿಕೊಂಡೆ. ಸೀರೆಯ ಮೇಲೆ ಮೊಣಕಾಲಿನ ತನಕ ಬಂತು. ಟೋಪಿ ತಲೆಯ ಮೇಲೆ ಎಳೆದುಕೊಂಡೆ. ತಗ್ಗು ಬಿದ್ದ ಫ್ಲಾಸ್ಕಿಗೆ ಬಿಸಿ ಚಹಾ ತುಂಬಿಸಿದೆ. ಮನೆಯವರು ಇನ್ನೂ ಎದ್ದಿರಲಿಲ್ಲ. ಹಿಂದೆ ಹೋಗಿ, ಅವಳು ನಿಲ್ಲುತ್ತಿದ್ದ ಜಾಗದಲ್ಲೇ, ಹುಲ್ಲು ತುಳಿದು ಚಪ್ಪಟೆಯಾದಲ್ಲಿ, ಗೋಡೆಗೆ ಮುಖ ಮಾಡಿ ನಿಂತು ಹನ್ನೆರಡರ ಮಗ್ಗಿಯಿಂದ ಶುರು ಮಾಡಿದೆ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲು ನನ್ನದು. ಅದರ ಮುಂದೆ ಫ್ರೀವೇ ಏನು ಮಹಾ.

ಒಂದೆರಡು ಕಿಟಕಿಯ ಪರದೆ ಸರಿದವು. ಎದುರು ಸಾಲಿನ ಒಬ್ಬರು ಬಾಲ್ಕನಿಗೆ ಬಂದು ಫೋನು ಎತ್ತಿದರು. ನಾನು ಟೋಪಿ ಹಿಂದೆ ಸರಿಸಿ ಮುಖ ತೋರಿಸಿದೆ. ಅವರು ಫೋನು ಇಳಿಸಿ ಒಳಗೆ ಹೋದರು. ಹಳದಿ ಜಾಕೀಟಿನವನು ಕಾರಿನಿಂದ ಇಳಿದು ಬಂದ. “ಗುಡ್ ಮಾರ್ನಿಂಗ್” ಎಂದೆ, ನನಗೆ ಬರುವುದು ಅಷ್ಟೇ, ಮತ್ತು ಹದಿಮೂರಕ್ಕೆ ಹೋದೆ. ಅವನು ಸ್ವಲ್ಪ ಹೊತ್ತು ನಿಂತು ಕೇಳಿ, ತಲೆ ಕೆರೆದುಕೊಂಡು ವಾಪಸು ಹೋದ.

ಕೊನೆಯ ಸಾಲಿನ ಬಾಗಿಲು ತೆರೆಯಿತು. ತಾಯಿ ನೀಲಿ ಅಂಗಿಯಲ್ಲೇ ಹೊಸ್ತಿಲ ಮೇಲೆ ನಿಂತಳು. ಕೈಯಲ್ಲಿ ಕವರು ಇರಲಿಲ್ಲ, ಅದನ್ನು ಮೊದಲು ನೋಡಿದೆ. ನಾನು ಫ್ಲಾಸ್ಕು ಎತ್ತಿ ತೋರಿಸಿದೆ, ಪಕ್ಕದ ಹುಲ್ಲಿನ ಮೇಲೆ ಇಟ್ಟೆ, ಮಗ್ಗಿ ಬಿಡಲಿಲ್ಲ. ಅವಳು ನನ್ನನ್ನು ನೋಡಿದಳು, ಕಾವಲಿನ ಕಾರನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ನನ್ನ ಮೇಲೆ ಅವಳಿಗೂ ಅನುಮಾನ. ಇರಬೇಕಾದದ್ದೇ. ಒಳಗೆ ಹೋದಳು.

ಆಮೇಲೆ ಯುಟಿಂಗ್ ಬಂದಳು. ನನ್ನ ಹತ್ತಿರ ಬರಲಿಲ್ಲ, ನಾಲ್ಕು ಮಾರು ದೂರ ನಿಂತು ಬಳ್ಳಿಗೆ ಮುಖ ಮಾಡಿದಳು. ಮೊದಲು ಏನೂ ಕೇಳಿಸಲಿಲ್ಲ. ನಾನು ಆ ಕಡೆ ನೋಡದೆ ಇನ್ನೂ ಗಟ್ಟಿಯಾಗಿ ಹೇಳಿದೆ. ಆಮೇಲೆ ಅವಳ ಧ್ವನಿ ಸಣ್ಣಗೆ ಶುರುವಾಯಿತು, ನಿಂತಿತು, ಮತ್ತೆ ಶುರುವಾಯಿತು, ನನ್ನದಕ್ಕಿಂತ ಮೇಲಕ್ಕೆ ಹೋಗಲು ನೋಡಿತು.

ಹದಿನಾಲ್ಕರ ಮಗ್ಗಿಯಲ್ಲಿ ನಾನು ತಪ್ಪಿದೆ. ಯಾರೂ ಗುಡ್ ಟ್ರೈ ಎನ್ನಲಿಲ್ಲ. ಮತ್ತೆ ಮೊದಲಿನಿಂದ ಹಿಡಿದೆ.